ಕಲ್ಲಿನ ಬುಡದ ಮೀನಿಗೆ ಗಾಳ ಹಾಕುವುದು ಹೇಗೆ?

ಕುಂದಾಪುರದ ಹತ್ತಿರ ಹೊಳೆ ಕಡಲಿಗೆ ಸೇರುವ ಒಂದು ಅಳಿವೆಯಲ್ಲಿ, ಅಲೆ ತಡೆಯಲು ಕಲ್ಲು ಪೇರಿಸಿದ ಬ್ರೇಕ್‌ವಾಟರ್‌ನಲ್ಲಿ ನಾನು ಮೊದಲ ಸಲ ಗಾಳ ಹಾಕಿದ ದಿನ ಏಳು ಗಾಳ, ಏಳು ಸೀಸದ ಗುಂಡು ಕಲ್ಲಿನ ಸಂದಿಗೆ ಹೋದವು. ಮೀನು ಒಂದೂ ಬರಲಿಲ್ಲ. ಸ್ವಲ್ಪ ದೂರದಲ್ಲಿ ಬರೀ ಕೈಯಲ್ಲಿ ತಂಗೂಸು (ನೈಲಾನ್ ದಾರ) ಹಿಡಿದು ಕೂತಿದ್ದ ಅಜ್ಜ ಒಬ್ಬರು ಅಷ್ಟರೊಳಗೆ ಎರಡು ಮುರು, ಒಂದು ಕೆಂಬೇರಿ ಎತ್ತಿದ್ದರು. ನಾನು ಎಂಟನೇ ಗುಂಡು ಕಟ್ಟುತ್ತಿದ್ದಾಗ ಅವರೇ ಎದ್ದು ಬಂದರು. “ನೀರ್ ಇಳ್ದಾಗ ಬಂದ್ ಕಲ್ಲ್ ಕಾಣ್ ಮಾರಾಯಾ. ಕಲ್ಲ್ ಕಾಣ್ದೇ ಗಾಳ ಹಾಕ್ರೆ ಗುಂಡ್ ಕಳ್ಕಂಬುದೇ ಸೈ” ಅಂದರು.

ಮರುದಿನ ನೀರು ಇಳಿದ ಹೊತ್ತಿಗೆ ಹೋದೆ. ರಾಡ್ ಒಯ್ಯಲಿಲ್ಲ. ನೀರು ತಿಳಿಯಾಗಿತ್ತು. ನಾನು ಹಿಂದಿನ ದಿನ ಗುಂಡು ಎಸೆದ ಕಡೆ ಇಡೀ ಕಲ್ಲಿನ ರಾಶಿ. ಅಜ್ಜ ಕೂತಿದ್ದ ಕಡೆ ಮಾತ್ರ ಕಲ್ಲು ಮುಗಿದು ಮರಳು ಶುರುವಾಗುತ್ತಿತ್ತು. ಆ ಗೆರೆಯಲ್ಲಿ ಒಂದು ದೊಡ್ಡ ಕಲ್ಲು ಒರಗಿಕೊಂಡು, ಅದರಡಿ ಕೊಡೆಯಷ್ಟು ಅಗಲದ ಪೊಟರೆ ಆಗಿತ್ತು. ಆ ಒಂದು ನೋಟ ನನಗೆ ಕಲಿಸಿದಷ್ಟನ್ನು ಆಮೇಲೆ ಕೊಂಡ ಯಾವ ಸಾಮಾನೂ ಕಲಿಸಲಿಲ್ಲ.

ಬುಡದ ಮೀನು ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ಅದರ ಮನೆ ಬಾಗಿಲು ಎಲ್ಲಿ ಅಂತ ನೀವೇ ಹುಡುಕಬೇಕು. ಎರೆಯನ್ನು ಅಲ್ಲಿಗೆ ಮುಟ್ಟಿಸಬೇಕು. ಕಚ್ಚಿದ ಮೇಲೆ ಅದು ವಾಪಸ್ ಒಳಗೆ ಹೋಗದ ಹಾಗೆ ನೋಡಿಕೊಳ್ಳಬೇಕು. ನಮ್ಮ ಕರಾವಳಿಯ ಕಲ್ಲುದಂಡೆ, ಪಾದೆ, ಧಕ್ಕೆ, ಸೇತುವೆ ಕಂಬಗಳ ಹತ್ತಿರ ದಡದಿಂದಲೇ ಗಾಳ ಹಾಕುವವರಿಗೆ ನಾನು ಕಂಡಿದ್ದನ್ನು ಹೇಳುತ್ತೇನೆ.

ಬುಡದಲ್ಲಿ ಯಾವ ಮೀನು ಇರುತ್ತವೆ

ಕಲ್ಲಿನ ಯಜಮಾನ ಮುರು. ಕಂದು ಮೈ, ಅದರ ಮೇಲೆ ಚುಕ್ಕಿ ಅಥವಾ ಪಟ್ಟಿ, ಮುಖದ ತುಂಬಾ ಬಾಯಿ. ಪೊಟರೆಯ ಬಾಗಿಲಲ್ಲಿ ಸುಮ್ನೆ ನಿಂತಿರುತ್ತದೆ. ಎದುರಿಗೆ ಸಿಗಡಿಯೋ ಏಡಿಯೋ ಸಣ್ಣ ಮೀನೋ ಬಂದರೆ ಬಾಯಿ ತೆರೆದು ನೀರಿನ ಸಮೇತ ಒಳಗೆ ಎಳೆದುಕೊಂಡು, ಅದೇ ಉಸಿರಿಗೆ ತಿರುಗಿ ಮನೆಗೆ ಹೋಗುತ್ತದೆ. ದೂರದವರೆಗೆ ಅಟ್ಟಿಸಿಕೊಂಡು ಹೋಗುವ ಅಭ್ಯಾಸ ಇಲ್ಲ. ಹಾಗಾಗಿ ಎರೆ ಮೂರು ಮಾರು ಆಚೆ ಬಿದ್ದರೂ ಅದಕ್ಕೆ ಬೇಡ. ಇನ್ನೊಂದು ವಿಷಯ ನೆನಪಿಡಿ: ಮುರು ಮೊದಲು ಹೆಣ್ಣಾಗಿಯೇ ಬೆಳೆಯುತ್ತದೆ, ದೊಡ್ಡದಾದ ಮೇಲೆ ಗಂಡಾಗುತ್ತದೆ. ದೊಡ್ಡವನ್ನೆಲ್ಲ ತೆಗೆದರೆ ಗಂಡು ಕಡಿಮೆ, ಸಣ್ಣವನ್ನೆಲ್ಲ ತೆಗೆದರೆ ಹೆಣ್ಣು ಕಡಿಮೆ. ಒಂದು ಕಲ್ಲಿಂದ ಒಂದು ದಿನಕ್ಕೆ ಒಂದೇ ಮುರು ಅನ್ನುವುದು ನಾನು ಇಟ್ಟುಕೊಂಡಿರುವ ಲೆಕ್ಕ.

ಕೆಂಬೇರಿ ಸಣ್ಣದಿದ್ದಾಗ ಹೊಳೆಯ ಉಪ್ಪುನೀರಿನಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರಿನ ಮಧ್ಯೆ, ಸೇತುವೆ ಕಂಬದ ಬುಡದಲ್ಲಿ ಬೆಳೆಯುತ್ತದೆ. ದೊಡ್ಡದಾದ ಮೇಲೆ ಕಡಲಿನ ಕಲ್ಲಿಗೆ ಹೋಗುತ್ತದೆ. ಸೂರ್ಯ ಮುಳುಗಿ ಕತ್ತಲಾಗುವ ಹೊತ್ತಿಗೆ ಅದಕ್ಕೆ ಹಸಿವು. ಬಲ ಎಷ್ಟು ಅಂದರೆ ಒಂದು ಕಿಲೋ ಕೆಂಬೇರಿ ಎರಡು ಕಿಲೋ ಮುರುವಿನಷ್ಟು ಎಳೆಯುತ್ತದೆ. ಬಾಯಲ್ಲಿ ನಾಯಿಹಲ್ಲಿನಂಥ ಹಲ್ಲು ಇದೆ, ಜೋಪಾನ.

ಕಂಬಕ್ಕೆ ಅಂಟಿದ ನೀಲಿಕಲ್ಲು, ಸಿಂಪಿಗಳನ್ನು ಜಗಿದು ತಿನ್ನುವ ಬ್ರೀಮ್ ಇನ್ನೊಂದು. ನೀಲಿಕಲ್ಲು ಅಂದರೆ ಒಂದು ಬಗೆಯ ಚಿಪ್ಪುಮೀನು, ಮಂಗಳೂರಿನ ಕಡೆಯವರ ಪಚಿಲೆ. ಈ ಬ್ರೀಮ್‌ಗೆ ಊರಿಂದೂರಿಗೆ ಬೇರೆ ಬೇರೆ ಹೆಸರು. ಅಗಲ ಮೈ, ಬೆನ್ನಲ್ಲಿ ಗಟ್ಟಿ ಮುಳ್ಳು, ಬಾಯಲ್ಲಿ ದವಡೆ ಹಲ್ಲು. ಬಹಳ ಅನುಮಾನದ ಮೀನು.

ಕಾಣೆ ಕಲ್ಲಿನ ಮೀನಲ್ಲ, ಕಲ್ಲಿನ ಪಕ್ಕದ ಮರಳಿನದು. ಹೆದರಿದರೆ ಮರಳಿನಲ್ಲೇ ಹೂತುಕೊಳ್ಳುತ್ತದೆ. ಕಲ್ಲಿನಲ್ಲಿ ಏನೂ ಸಿಗದ ದಿನ ಕಾಣೆ ಮನೆಯವರ ಎದುರು ನಮ್ಮ ಮುಖ ಉಳಿಸುತ್ತದೆ.

ಇವುಗಳ ಜೊತೆ ತೇಡೆ (ಮೀಸೆ ಇರುವ ಕ್ಯಾಟ್ ಫಿಶ್), ತೊರಕೆ (ಚಪ್ಪಟೆ ಮೈಯ ಸ್ಟಿಂಗ್ ರೇ) ಕೂಡ ಬರುತ್ತವೆ. ಎರಡಕ್ಕೂ ವಿಷದ ಮುಳ್ಳು ಇದೆ, ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಮೊದಲ ಕೆಲಸ: ನೀರು ಇಳಿದಾಗ ಹೋಗಿ ನೋಡುವುದು

ಹುಣ್ಣಿಮೆ ಅಥವಾ ಅಮಾವಾಸ್ಯೆಯ ಆಸುಪಾಸಿನ ದಿನ ಆರಿಸಿಕೊಳ್ಳಿ. ಆಗ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಉಳಿದ ದಿನ ಮುಚ್ಚಿಕೊಂಡೇ ಇರುವ ಕಲ್ಲುಗಳೂ ಆಗ ತಲೆ ತೋರಿಸುತ್ತವೆ. ಇಳಿತ ಮುಗಿಯುವ ಅರ್ಧ ಗಂಟೆ ಮೊದಲು ಹೋಗಿ. ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ನೋಡಬೇಕಾದ್ದು ಇಷ್ಟು: ಕಲ್ಲು ಎಲ್ಲಿ ಮುಗಿದು ಮರಳು ಎಲ್ಲಿ ಶುರುವಾಗುತ್ತದೆ? ಒಂಟಿಯಾಗಿ ಹೊರಗೆ ಬಿದ್ದ ಕಲ್ಲು ಯಾವುದು? ಎರಡು ಕಲ್ಲಿನ ನಡುವೆ ನೀರು ಹರಿಯುವ ಓಣಿ ಎಲ್ಲಿದೆ? ನೊರೆ ಸುತ್ತುತ್ತಾ ನಿಲ್ಲುವ ಮೂಲೆ ಯಾವುದು?

ನೀರು ತುಂಬಿದ ಮೇಲೆ ಅದೇ ಜಾಗ ಸಿಗಬೇಕಲ್ಲ, ಅದಕ್ಕೆ ನಮ್ಮ ಮೀನುಗಾರರ ಹಳೆಯ ದಾರಿ ಇದೆ. ದಡದ ಮೇಲಿನ ಎರಡು ವಸ್ತುಗಳನ್ನು ಒಂದರ ಹಿಂದೆ ಒಂದು ಬರುವಂತೆ ನೋಡಿಕೊಳ್ಳುವುದು. ಬಾಗಿದ ತೆಂಗಿನ ಮರದ ಹಿಂದೆ ನೀರಿನ ಟ್ಯಾಂಕು ಕಂಡರೆ ಒಂದು ಗೆರೆ ಆಯಿತು. ಇನ್ನೊಂದು ದಿಕ್ಕಿನಲ್ಲಿ ದೀಪಸ್ತಂಭ ಮತ್ತು ಮನೆಯ ಮೂಲೆ ಸೇರಿದರೆ ಎರಡನೇ ಗೆರೆ. ಎರಡೂ ಸೇರುವ ಕಡೆ ನಿಮ್ಮ ಕಲ್ಲು. ಫೋನಿನ ಮ್ಯಾಪ್ ನಾಲ್ಕೈದು ಮೀಟರ್ ಆಚೀಚೆ ತೋರಿಸಬಹುದು, ಕಲ್ಲಿನ ಬುಡ ತಪ್ಪಿಹೋಗಲು ಅಷ್ಟೇ ವ್ಯತ್ಯಾಸ ಸಾಕು.

ನೀರು ಎಷ್ಟು ಇಳಿದರೂ ಕಾಣದ ಆಳ ಇದ್ದರೆ ಕೈಯಿಂದ ನೋಡಬೇಕು. ಗಾಳ ಕಟ್ಟದೆ ಬರೀ ಗುಂಡನ್ನು ಎಸೆಯಿರಿ. ತಳ ಮುಟ್ಟಿದ ಮೇಲೆ ದಾರ ಬಿಗಿ ಮಾಡಿ, ನಿಧಾನ, ಗೇಣು ಗೇಣಾಗಿ ಎಳೆಯಿರಿ. ಕಣ್ಣು ಮುಚ್ಚಿಕೊಂಡರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಮರಳಾದರೆ ಗುಂಡು ನುಣ್ಣಗೆ, ಸಕ್ಕರೆ ಮೇಲೆ ಚಮಚ ಎಳೆದ ಹಾಗೆ ಬರುತ್ತದೆ. ಕೆಸರಾದರೆ ಮೊದಲು ಹಿಡಿದುಕೊಂಡು ಆಮೇಲೆ ‘ಪಚಕ್’ ಎಂದು ಬಿಡುತ್ತದೆ. ಕಲ್ಲಾದರೆ ‘ಟಕ್ ಟಕ್’ ಎಂದು ಬೆರಳಿಗೇ ತಾಗುತ್ತದೆ. ನುಣ್ಣಗೆ ಬರುತ್ತಿದ್ದದ್ದು ಟಕ್ ಅಂದ ಕೂಡಲೇ ನಿಲ್ಲಿಸಿ. ಅದೇ ಗೆರೆ. ಅಲ್ಲಿ ದಾರಕ್ಕೆ ಒಂದು ಚೂರು ಬಣ್ಣದ ನೂಲು ಕಟ್ಟಿಕೊಂಡರೆ ಮುಂದಿನ ಎಸೆತಕ್ಕೆ ಅಳತೆ ಸಿಕ್ಕಿತು.

ಸೇತುವೆ ಕಂಬ, ಧಕ್ಕೆಯ ಬುಡಗಳಲ್ಲಿ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ನೀರು ಕಂಬಕ್ಕೆ ಹೊಡೆದು ಎರಡಾಗಿ ಹರಿದು, ಹಿಂದೆ ಒಂದು ಸುಳಿಯ ನೆರಳು ಮಾಡುತ್ತದೆ. ಮೀನು ಆ ನೆರಳಿನಲ್ಲಿ ದಣಿವಿಲ್ಲದೆ ನಿಂತಿರುತ್ತದೆ. ಭರತಕ್ಕೆ ಒಂದು ಬದಿ, ಇಳಿತಕ್ಕೆ ಇನ್ನೊಂದು ಬದಿ. ಆದರೆ ಹೆದ್ದಾರಿ ಸೇತುವೆಯ ಮೇಲೆ ನಿಂತು ಗಾಳ ಹಾಕಲೇಬೇಡಿ. ಲಾರಿ ಬೆನ್ನು ಸವರಿಕೊಂಡು ಹೋಗುವ ಜಾಗ ಅದು. ಕೆಳಗಿನ ದಡದಿಂದ ಹಾಕಿ.

ಬಂದರಿನ ಒಳಗೆ, ನೌಕಾಪಡೆಯ ಜಾಗದ ಹತ್ತಿರ ಪ್ರವೇಶ ಇಲ್ಲ. ಕಾರವಾರದ ಕಡೆ ಹೋಗುವವರು ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಅಳಿವೆಯ ದಂಡೆಯಲ್ಲಿ ದೋಣಿ ಹೋಗುವ ದಾರಿಗೆ ಅಡ್ಡ ದಾರ ಬಿಡಬೇಡಿ. ಅವರಿಗೆ ಅದು ಹೊಟ್ಟೆಪಾಡು.

ಯಾವ ಹೊತ್ತು

ಭರತದಿಂದ ಇಳಿತಕ್ಕೆ ಆರು ಗಂಟೆಗಿಂತ ಸ್ವಲ್ಪ ಜಾಸ್ತಿ. ದಿನಕ್ಕೆ ಎರಡು ಭರತ, ಎರಡು ಇಳಿತ. ಇಂದು ಬೆಳಿಗ್ಗೆ ಏಳಕ್ಕೆ ನೀರು ತುಂಬಿದರೆ ನಾಳೆ ಸುಮಾರು ಐವತ್ತು ನಿಮಿಷ ತಡ. ನಮ್ಮ ಕರಾವಳಿಯಲ್ಲಿ ದೊಡ್ಡ ಭರತದ ದಿನ ಒಂದೂವರೆ ಮೀಟರಿನಿಂದ ಎರಡು ಮೀಟರಿನವರೆಗೆ ಏರಿಳಿತ ಇರುತ್ತದೆ, ಮಂಗಳೂರಿಗಿಂತ ಕಾರವಾರದಲ್ಲಿ ಸ್ವಲ್ಪ ಜಾಸ್ತಿ.

ನನ್ನ ಅನುಭವದಲ್ಲಿ ಕಲ್ಲಿನ ಮೀನಿಗೆ ಒಳ್ಳೆಯ ಹೊತ್ತು ಇಳಿತ ಮುಗಿದು ನೀರು ಏರಲು ಶುರುವಾದ ಮೊದಲ ಎರಡು ಗಂಟೆ. ಅಷ್ಟು ಹೊತ್ತು ಒಣಗಿದ್ದ ಕಲ್ಲಿನ ಮೇಲಿನ ಏಡಿ, ಸಿಗಡಿಗಳು ಓಡಾಡಲು ಶುರು ಮಾಡುತ್ತವೆ. ಮುರು ಅದನ್ನೇ ಕಾಯುತ್ತಿರುತ್ತದೆ. ಈ ಎರಡು ಗಂಟೆ ಸಂಜೆ ಐದೂವರೆಯಿಂದ ಏಳೂವರೆಗೆ ಬಂದರೆ ಕೆಂಬೇರಿಗೂ ಅದೇ ಹೊತ್ತು. ಅಂಥ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.

ಅಳಿವೆಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಸೆಳೆತಕ್ಕೆ ಗುಂಡು ನಿಲ್ಲುವುದೇ ಇಲ್ಲ. ಹೊಸಬರು ಪಂಚಮಿಯಿಂದ ದಶಮಿಯ ನಡುವಿನ ದಿನಗಳಲ್ಲಿ ಕಲಿಯಲಿ. ಅಂದರೆ ಕಲ್ಲು ನೋಡಲು ಹುಣ್ಣಿಮೆ, ಗಾಳ ಹಾಕಲು ಅಷ್ಟಮಿ.

ಮಳೆಗಾಲದಲ್ಲಿ ಕಲ್ಲುದಂಡೆಗೆ ಹೋಗುವ ಮಾತೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯುವುದಿಲ್ಲ. ಅವರು ಇಳಿಯದ ಕಡಲಿನ ಬಾಯಿಗೆ ನಾವು ಯಾಕೆ ಹೋಗಬೇಕು? ನೀರು ತಿಳಿಯಾಗಿ, ಅಲೆ ತಗ್ಗುವ ಅಕ್ಟೋಬರಿನಿಂದ ಫೆಬ್ರವರಿ ಇದಕ್ಕೆ ಸರಿಯಾದ ಕಾಲ.

ಸಾಮಾನು

ಕೈದಾರವೇ ಸಾಕು ಅನ್ನುವವರು 0.70 ಮಿ.ಮೀ. ದಪ್ಪದ ತಂಗೂಸು ಐವತ್ತು ಮೀಟರ್ ತೆಗೆದುಕೊಳ್ಳಿ. ಪ್ಲಾಸ್ಟಿಕ್ ಬಾಟಲಿಗೋ ಮರದ ತುಂಡಿಗೋ ಸುತ್ತಿ. ತೋರುಬೆರಳಿಗೆ ಹಳೆಯ ಸೈಕಲ್ ಟ್ಯೂಬಿನ ಎರಡು ಇಂಚು ತುಂಡನ್ನು ಉಂಗುರದ ಹಾಗೆ ಹಾಕಿಕೊಳ್ಳಿ, ಇಲ್ಲದಿದ್ದರೆ ದಾರ ಬೆರಳನ್ನು ಸೀಳುತ್ತದೆ. ಒಂದು ಮಾತ್ರ ಮರೆಯಬೇಡಿ: ದಾರವನ್ನು ಯಾವತ್ತೂ ಕೈಗೆ ಸುತ್ತಿಕೊಳ್ಳಬಾರದು. ದೊಡ್ಡ ತೊರಕೆ ಎಳೆದರೆ ಕೈ ಬಿಡಿಸಿಕೊಳ್ಳಲು ಹೊತ್ತು ಸಿಗುವುದಿಲ್ಲ.

ರಾಡ್ ತೆಗೆದುಕೊಳ್ಳುವವರಿಗೆ ಎಂಟರಿಂದ ಒಂಬತ್ತು ಅಡಿಯ, ನಡುವಿನಲ್ಲಿ ಗಟ್ಟಿ ಇರುವ ರಾಡ್ ಒಳ್ಳೆಯದು. ಉದ್ದ ಯಾಕೆಂದರೆ ನೀವು ನಿಂತ ಕಲ್ಲಿಗೂ ನೀರಿಗೂ ನಡುವೆ ಇನ್ನೂ ನಾಲ್ಕು ಕಲ್ಲು ಇರುತ್ತವೆ, ದಾರ ಅವುಗಳಿಗೆ ಉಜ್ಜಬಾರದು. 4000 ಅಥವಾ 5000 ಸೈಜಿನ ರೀಲ್, 30 ಪೌಂಡ್ ಭಾರ ತಡೆಯುವ ಬ್ರೈಡ್, ಅಂದರೆ ಎಳೆಗಳನ್ನು ಹೆಣೆದ ದಾರ. ಬ್ರೈಡ್ ಕಲ್ಲಿಗೆ ತಾಗಿದರೆ ಥಟ್ಟನೆ ಕಡಿಯುತ್ತದೆ, ಹಾಗಾಗಿ ಅದರ ತುದಿಗೆ 50–60 ಪೌಂಡಿನ ದಪ್ಪ ತಂಗೂಸು ಒಂದೂವರೆ ಮೀಟರ್ ಕಟ್ಟಿ. ಇದನ್ನೇ ಲೀಡರ್ ಅನ್ನುತ್ತೇವೆ. ದುಬಾರಿ ರೀಲ್ ಬೇಕಿಲ್ಲ. ಉಪ್ಪುನೀರು ಎಲ್ಲವನ್ನೂ ತಿನ್ನುತ್ತದೆ. ಮನೆಗೆ ಬಂದ ಕೂಡಲೇ ಸಿಹಿನೀರಿನಲ್ಲಿ ಒರೆಸಿದ ಅಗ್ಗದ ರೀಲ್, ಹಾಗೇ ಬಿಟ್ಟ ದುಬಾರಿ ರೀಲಿಗಿಂತ ಜಾಸ್ತಿ ಬಾಳುತ್ತದೆ.

ಗಾಳ: ಮುರು, ಕೆಂಬೇರಿಗೆ 4/0 ಅಥವಾ 5/0 ಸರ್ಕಲ್ ಹುಕ್. ಇದರ ಮೊನೆ ಒಳಕ್ಕೆ ಬಾಗಿರುತ್ತದೆ. ಮೀನು ನುಂಗಿದರೂ ಹೊಟ್ಟೆಯಲ್ಲಿ ಚುಚ್ಚದೆ ಬಾಯಿಯ ಮೂಲೆಗೆ ಬಂದು ಕೂರುವುದೇ ಜಾಸ್ತಿ. ಸಣ್ಣದನ್ನು ಬದುಕಿಸಿ ಬಿಡಲು ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಕಲ್ಲಿಗೆ ಸಿಕ್ಕುವುದೂ ಕಡಿಮೆ. ಬ್ರೀಮ್‌ಗೆ 1/0 ಸಾಕು. ಕಾಣೆಗೆ 8 ಅಥವಾ 10ನೇ ನಂಬರಿನ ಉದ್ದ ಕಾಲಿನ ಸಣ್ಣ ಗಾಳ.

ಗುಂಡು ಹೋದರೂ ಮೀನು ಉಳಿಯುವ ಹಾಗೆ ಕಟ್ಟುವುದು

ಇದನ್ನು ಸ್ವಲ್ಪ ನಿಧಾನ ಓದಿ, ನಿಮ್ಮ ಅರ್ಧ ಖರ್ಚು ಇದರಲ್ಲೇ ಉಳಿಯುತ್ತದೆ.

ಹೊಸಬರು ಗುಂಡನ್ನೂ ಗಾಳವನ್ನೂ ಒಂದೇ ದಪ್ಪ ದಾರಕ್ಕೆ ಕಟ್ಟುತ್ತಾರೆ. ಕಲ್ಲಿನ ಸಂದಿಗೆ ಸಿಗುವುದು ಹೆಚ್ಚಿನ ಸಲ ಗುಂಡು. ಆದರೆ ಎಳೆದಾಗ ಎಲ್ಲವೂ ಒಟ್ಟಿಗೆ ಹೋಗುತ್ತದೆ. ಅದರ ಬದಲು ಹೀಗೆ ಮಾಡಿ. ಲೀಡರಿನ ತುದಿಗೆ ಮೂರು ಕಣ್ಣಿನ ಸ್ವಿವೆಲ್ (ದಾರ ಹುರಿಗೊಳ್ಳದಂತೆ ತಿರುಗುವ ಕೊಂಡಿ) ಕಟ್ಟಿ. ಒಂದು ಕಣ್ಣು ಲೀಡರಿಗೆ. ಇನ್ನೊಂದು ಕಣ್ಣಿಗೆ ಒಂದು ಗೇಣು ದಪ್ಪ ತಂಗೂಸು, ಅದರ ತುದಿಗೆ ಗಾಳ. ಮೂರನೇ ಕಣ್ಣಿಗೆ ಒಂದೂವರೆ ಗೇಣು ಸಪೂರ ದಾರ, 10 ಪೌಂಡಿನದು, ಅದಕ್ಕೆ ಗುಂಡು. ಗುಂಡು ಸಿಕ್ಕಿಕೊಂಡರೆ ಸಪೂರ ದಾರ ಮಾತ್ರ ಕಡಿಯುತ್ತದೆ. ಗಾಳ ಉಳಿಯುತ್ತದೆ. ಗಾಳದಲ್ಲಿ ಮೀನಿದ್ದರೆ ಮೀನೂ ಉಳಿಯುತ್ತದೆ. ಗಾಳದ ದಾರ ಗಿಡ್ಡ ಇರಲಿ. ಉದ್ದ ಬಿಟ್ಟರೆ ಸೆಳೆತಕ್ಕೆ ತೇಲಿ ಹೋಗಿ ಅದೂ ಕಲ್ಲಿಗೆ ಸುತ್ತಿಕೊಳ್ಳುತ್ತದೆ.

ಇನ್ನು ಗುಂಡು. ಕಳೆದುಹೋಗುವ ಜಾಗಕ್ಕೆ ಸೀಸ ಬೇಡ ಅಂತ ನಾನು ಬಿಟ್ಟು ಬಹಳ ವರ್ಷ ಆಯಿತು. ಸೀಸ ವಿಷ, ಮೀನು ಇರುವ ಕಲ್ಲಿನಲ್ಲೇ ಅದನ್ನು ಬಿಟ್ಟು ಬರುವುದು ಮನಸ್ಸಿಗೆ ಸರಿ ಬರುವುದಿಲ್ಲ. ಹಳೆ ಸೀರೆಯ ಬಟ್ಟೆಯಲ್ಲಿ ಒಂದು ಹಿಡಿ ಮರಳು ಹಾಕಿ ಗಂಟು ಕಟ್ಟಿ. ಅದು ಸಂದಿಗೆ ಸಿಗುವುದೇ ಕಡಿಮೆ, ಸಿಕ್ಕಿದರೂ ಹೋಗುವುದು ಮರಳು ಮತ್ತು ಹತ್ತಿಬಟ್ಟೆ. ನೈಲಾನ್ ಸೀರೆಯ ಬಟ್ಟೆ ಬೇಡ, ಹತ್ತಿಯದ್ದೇ ಆಗಬೇಕು. ಸೆಳೆತ ಜೋರಿದ್ದರೆ ಗುಂಡಗಿನ ಹೊಳೆಕಲ್ಲಿಗೆ ಅಡ್ಡ-ಉದ್ದ ದಾರ ಸುತ್ತಿ ಕಟ್ಟಬಹುದು.

ಗಾಳ ಕಟ್ಟಲು ಒಂದೇ ಗಂಟು ಕಲಿತರೆ ಸಾಕು, ಪಾಲೊಮಾರ್ ಗಂಟು. ದಾರದ ತುದಿಯನ್ನು ಮಡಚಿ ಎರಡೆಳೆ ಮಾಡಿ, ಗಾಳದ ಕಣ್ಣಿನಲ್ಲಿ ತೂರಿಸಿ. ಎರಡೆಳೆಯಲ್ಲೇ ಒಂದು ಸಡಿಲ ಸಾದಾ ಗಂಟು ಹಾಕಿ. ಈಗ ತುದಿಯಲ್ಲಿ ಉಳಿದ ಕುಣಿಕೆಯೊಳಗೆ ಇಡೀ ಗಾಳವನ್ನು ದಾಟಿಸಿ. ಎಂಜಲು ಹಚ್ಚಿ ಒದ್ದೆ ಮಾಡಿ, ನಿಧಾನ ಬಿಗಿಯಿರಿ. ಒಣಗಿದ್ದಾಗ ಬಿಗಿದರೆ ತಂಗೂಸು ಬಿಸಿಯಾಗಿ ಸೊರಗುತ್ತದೆ, ಆಮೇಲೆ ದೊಡ್ಡ ಮೀನಿಗೆ ಅಲ್ಲೇ ಕಡಿಯುತ್ತದೆ.

ಎರೆ

ಜೀವ ಇರುವ ಸಿಗಡಿಗೆ ಸಮ ಇಲ್ಲ. ಬೆರಳುದ್ದದ್ದು ಸಾಕು. ತಲೆಯ ಮೇಲಿನ ಕೊಂಬಿನ ಕೆಳಗೆ ಒಂದು ಕಪ್ಪು ಕಲೆ ಕಾಣುತ್ತದೆ, ಅಲ್ಲಿ ಚುಚ್ಚಿದರೆ ಸತ್ತೇ ಹೋಗುತ್ತದೆ. ಅದನ್ನು ತಪ್ಪಿಸಿ ಕೊಂಬಿನ ಹತ್ತಿರ ಅಡ್ಡ ಚುಚ್ಚಿ, ಇಲ್ಲವೇ ಬಾಲದ ಕೊನೆಯ ಗೆಣ್ಣಿಗೆ ಚುಚ್ಚಿ. ನೀರಿನಲ್ಲಿ ಒದ್ದಾಡುತ್ತಾ ಇದ್ದರೆ ಮುರು ಸುಮ್ಮನಿರುವುದಿಲ್ಲ.

ಜೀವದ್ದು ಸಿಗದಿದ್ದರೆ ಬೊಂಡಾಸದ (ಸ್ಕ್ವಿಡ್) ಪಟ್ಟಿ ಒಳ್ಳೆಯದು. ಗಟ್ಟಿ ಇರುವುದರಿಂದ ಸಣ್ಣ ಮೀನು ಚುಟುಕಿದರೂ ಗಾಳದಲ್ಲಿ ಉಳಿಯುತ್ತದೆ. ಬಂಗುಡೆಯನ್ನು ಚರ್ಮದ ಸಮೇತ ಬೆರಳಗಲ ಸೀಳಿ ಹಾಕಬಹುದು. ಬೂತಾಯಿಯ ವಾಸನೆಗೆ ಮೀನು ದೂರದಿಂದ ಬರುತ್ತದೆ, ಆದರೆ ಮಾಂಸ ಮೆತ್ತಗೆ. ಅದಕ್ಕೆ ಹಿಂದಿನ ರಾತ್ರಿಯೇ ಕಲ್ಲುಪ್ಪಿನಲ್ಲಿ ಹಾಕಿಡಿ. ಬೆಳಿಗ್ಗೆಗೆ ನೀರು ಬಿಟ್ಟು ತೊಗಲಿನ ಹಾಗೆ ಗಟ್ಟಿಯಾಗಿರುತ್ತದೆ. ಬ್ರೀಮ್‌ಗೆ ಆ ಕಂಬದಲ್ಲೇ ಬೆಳೆದ ನೀಲಿಕಲ್ಲಿನ ಮಾಂಸ, ಹೊಲಿಗೆ ನೂಲಿನಿಂದ ನಾಲ್ಕು ಸುತ್ತು ಕಟ್ಟಿ. ಕಾಣೆಗೆ ಮರಳು-ಕೆಸರಿನ ಹುಳ, ಇಲ್ಲವೇ ಸಿಪ್ಪೆ ತೆಗೆದ ಸಿಗಡಿಯ ಕಡಲೆಯಷ್ಟು ಚೂರು. ಅದಕ್ಕೆ ಬಾಯಿ ಸಣ್ಣದು, ದೊಡ್ಡ ತುಂಡು ಹಾಕಿದರೆ ಕಚ್ಚಿ ಕಚ್ಚಿ ಹೋಗುತ್ತದೆ.

ಹಾಕುವುದು, ಕಾಯುವುದು

ಸೆಳೆತ ಬರುವ ದಿಕ್ಕಿಗೆ ಸ್ವಲ್ಪ ಮೇಲಕ್ಕೆ ಎಸೆಯಿರಿ, ನೀರೇ ಎರೆಯನ್ನು ಗೆರೆಯ ಹತ್ತಿರ ತಂದು ಇಡಲಿ. ಗುಂಡು ತಳ ಮುಟ್ಟಿದ ಕೂಡಲೇ ಸಡಿಲ ತೆಗೆದು ದಾರ ಬಿಗಿ ಇಡಿ. ಸಡಿಲ ದಾರ ಅಲೆಗೆ ಆಡುತ್ತಾ ಕಲ್ಲಿಗೆ ಸುತ್ತುತ್ತದೆ. ದೂರ ಎಸೆಯಬೇಕು ಅನ್ನುವ ಆಸೆ ಬಿಡಿ. ಬ್ರೇಕ್‌ವಾಟರ್‌ನಲ್ಲಿ ಮೀನು ಹೆಚ್ಚಾಗಿ ನಿಮ್ಮ ಕಾಲಿನಿಂದ ಹತ್ತು ಮೀಟರ್ ಒಳಗೇ ಇರುತ್ತದೆ. ಕಲ್ಲು ಇರುವುದು ಅಲ್ಲೇ ಅಲ್ವಾ? ಹತ್ತು-ಹದಿನೈದು ನಿಮಿಷ ಏನೂ ತಾಗದಿದ್ದರೆ ಐದಡಿ ಬದಿಗೆ ಹಾಕಿ. ಮುರು ಮನೆಯಲ್ಲಿ ಇದ್ದರೆ ಬೇಗ ಗೊತ್ತಾಗುತ್ತದೆ. ಒಂದೇ ಕಡೆ ಎರಡು ಗಂಟೆ ಕೂರುವುದರಲ್ಲಿ ಅರ್ಥ ಇಲ್ಲ.

ಬೆರಳನ್ನು ದಾರದ ಮೇಲೆ ಇಟ್ಟುಕೊಂಡೇ ಇರಿ. ‘ಟಿಕ್ ಟಿಕ್ ಟಿಕ್’ ಎಂದು ಸೂಜಿಯಲ್ಲಿ ಚುಚ್ಚಿದ ಹಾಗಾದರೆ ಸಣ್ಣ ಮೀನು ಅಥವಾ ಏಡಿ, ಎರೆ ಮುಗಿಸುತ್ತಿವೆ. ಬುರ್ರನೆ ನಡುಗಿದರೆ ಕಾಣೆ. ಎರಡು ಸಲ ಮೆಲ್ಲಗೆ ತಟ್ಟಿ, ಸುಮ್ಮನಾಗಿ, ಆಮೇಲೆ ಎಳೆದರೆ ಬ್ರೀಮ್. ಒಂದೇ ಲಯದಲ್ಲಿ ಎಳೆದುಕೊಂಡು ಹೊರಟರೆ ತೇಡೆ. ತಳವೇ ಎದ್ದು ಬಂದ ಹಾಗೆ ಭಾರವಾಗಿ, ಆಮೇಲೆ ಅಂಟಿಕೊಂಡು ಬಿಟ್ಟರೆ ತೊರಕೆ. ಮುರು ಇದ್ಯಾವುದೂ ಮಾಡುವುದಿಲ್ಲ. ಒಂದು ‘ಧಡ್’. ಅಷ್ಟೇ. ಮರುಕ್ಷಣ ರಾಡಿನ ತುದಿ ಕಲ್ಲಿನ ಕಡೆ ಬಾಗುತ್ತದೆ.

ಆ ಧಡ್ ಆದ ಮೇಲಿನ ಮೂರು ಸೆಕೆಂಡಿನಲ್ಲಿ ಎಲ್ಲಾ ತೀರ್ಮಾನ. ಹಾಗಾಗಿ ಮೊದಲೇ ರೀಲಿನ ಡ್ರ್ಯಾಗ್ (ದಾರ ಬಿಡುವುದನ್ನು ತಡೆಯುವ ತಿರುಪು) ಬಿಗಿ ಮಾಡಿಟ್ಟುಕೊಂಡಿರಬೇಕು, ಕೈಯಿಂದ ಎಳೆದರೆ ಕಷ್ಟಪಟ್ಟು ಬಿಡುವಷ್ಟು. ಸರ್ಕಲ್ ಹುಕ್ ಇರುವುದರಿಂದ ರಾಡನ್ನು ಝಾಡಿಸಬೇಡಿ, ಝಾಡಿಸಿದರೆ ಗಾಳ ಬಾಯಿಂದ ಹೊರಗೆ ಬರುತ್ತದೆ. ರೀಲನ್ನು ಬೇಗ ಬೇಗ ಸುತ್ತುತ್ತಾ ರಾಡನ್ನು ಮೇಲಕ್ಕೆ ಎತ್ತಿ, ಭಾರ ಹಾಕಿ. ಮೀನಿನ ತಲೆ ನಿಮ್ಮ ಕಡೆ ತಿರುಗಬೇಕು. ಮೊದಲ ಎರಡು ಮೀಟರ್ ಅದನ್ನು ಕಲ್ಲಿನಿಂದ ಮೇಲೆ ತಂದಿರೋ, ಆಮೇಲೆ ಮುರು ಅಷ್ಟೇನೂ ಹೋರಾಡುವುದಿಲ್ಲ. ಕೆಂಬೇರಿ ಹಾಗಲ್ಲ. ದಡದ ಹತ್ತಿರ ಬಂದು ನಿಮ್ಮ ಮುಖ ಕಂಡ ಮೇಲೆ ಇನ್ನೊಂದು ಸಲ ನುಗ್ಗುತ್ತದೆ. ಆಗ ಸಡಿಲ ಬಿಟ್ಟವರೇ ಜಾಸ್ತಿ.

ಮುರು ಒಳಗೆ ಹೊಕ್ಕರೆ

ಆಗುತ್ತದೆ. ಎಷ್ಟು ಅನುಭವ ಇದ್ದರೂ ಆಗುತ್ತದೆ. ಮುರು ಪೊಟರೆಗೆ ಹೊಕ್ಕು ಕಿವಿರಿನ ಮುಚ್ಚಳ ಅಗಲಿಸಿ, ಬೆನ್ನಿನ ಮುಳ್ಳು ಎಬ್ಬಿಸಿ ಬೆಣೆಯ ಹಾಗೆ ಕೂರುತ್ತದೆ. ಎಳೆದಷ್ಟೂ ಗಟ್ಟಿ. ಆಗ ಎಳೆಯುವುದನ್ನು ನಿಲ್ಲಿಸಿ. ದಾರವನ್ನು ಪೂರ್ತಿ ಸಡಿಲ ಬಿಟ್ಟು ರಾಡ್ ಕೆಳಗಿಟ್ಟು ಐದು ನಿಮಿಷ ಕೂತುಬಿಡಿ. ಭಾರ ಹೋಯಿತು ಅಂತ ಮೀನಿಗೆ ಅನ್ನಿಸಬೇಕು. ಕಣ್ಣು ದಾರದ ಮೇಲಿರಲಿ. ಸಡಿಲ ದಾರ ನಿಧಾನವಾಗಿ ಜರುಗಲು ಶುರುವಾದರೆ ಅದು ಹೊರಗೆ ಬರುತ್ತಿದೆ ಅಂತ. ತಕ್ಷಣ ಸುತ್ತಿ ಎತ್ತಿ. ಬಾರದಿದ್ದರೆ ದಾರ ಬಿಗಿ ಹಿಡಿದು ತಂಬೂರಿ ಮೀಟಿದ ಹಾಗೆ ಬೆರಳಲ್ಲಿ ಮೀಟುತ್ತಾ ಇರಿ, ಒಮ್ಮೊಮ್ಮೆ ಕಿರಿಕಿರಿಗೆ ಜರುಗುತ್ತದೆ. ನನಗೆ ಮೂರರಲ್ಲಿ ಒಂದು ಹೀಗೆ ವಾಪಸ್ ಸಿಕ್ಕಿದೆ.

ಸಿಗದೇ ಹೋದರೆ ದಾರವನ್ನು ನೀರಿಗೆ ಆದಷ್ಟು ಹತ್ತಿರದಲ್ಲಿ ಕಡಿಯಿರಿ. ಮೂವತ್ತು ಮೀಟರ್ ತಂಗೂಸು ಕಲ್ಲಿನಲ್ಲಿ ಬಿಟ್ಟರೆ ಅದು ವರ್ಷಗಟ್ಟಲೆ ಏಡಿ, ಮೀನು, ಆಮೆಗಳನ್ನು ಸುತ್ತಿ ಕೊಲ್ಲುತ್ತದೆ. ಇಳಿತದ ಹೊತ್ತಿಗೆ ಹೋದಾಗ ಬೇರೆಯವರು ಬಿಟ್ಟ ದಾರ ಕಂಡರೂ ಕಡಿದು ಚೀಲಕ್ಕೆ ಹಾಕಿಕೊಂಡು ಬನ್ನಿ. ನಾನು ಪ್ರತಿ ಸಲ ಒಂದು ಹಿಡಿಯಾದರೂ ತರುತ್ತೇನೆ.

ಜೀವ ಮೊದಲು

ದಂಡೆಗೆ ಹೋದ ಕೂಡಲೇ ಸಾಮಾನು ಬಿಚ್ಚಬೇಡಿ. ಇಪ್ಪತ್ತು ನಿಮಿಷ ನಿಂತು ಅಲೆ ನೋಡಿ. ಸಣ್ಣ ಅಲೆಗಳ ನಡುವೆ ಸಾಲಾಗಿ ದೊಡ್ಡವು ಬರುತ್ತವೆ. ಅತಿ ದೊಡ್ಡ ಅಲೆ ಎಲ್ಲಿಯವರೆಗೆ ಒದ್ದೆ ಮಾಡಿತೋ ಅಲ್ಲಿಂದ ಇನ್ನೂ ಮೇಲೆ ನಿಮ್ಮ ಜಾಗ. ಕಪ್ಪಗೆ ಮಿಂಚುವ ಕಲ್ಲು ಅಂದರೆ ಪಾಚಿ. ಅಲ್ಲಿ ಕಾಲಿಡಬೇಡಿ. ಬ್ರೇಕ್‌ವಾಟರ್‌ಗಳ ಟೆಟ್ರಾಪಾಡ್‌ಗಳ (ನಾಲ್ಕು ಕಾಲಿನ ಕಾಂಕ್ರೀಟ್ ಗಟ್ಟಿಗಳು) ನಡುವಿನ ಸಂದಿಗೆ ಬಿದ್ದವರನ್ನು ಮೇಲೆತ್ತುವುದು ಬಹಳ ಕಷ್ಟ, ಅವುಗಳ ಮೇಲೆ ಹಾರಿ ಹಾರಿ ಹೋಗುವ ಸಾಹಸ ಬೇಡ. ಲೈಫ್ ಜಾಕೆಟ್ ಹಾಕಿಕೊಳ್ಳಿ. ಸೆಕೆ ಆಗುತ್ತದೆ, ಆದರೂ ಹಾಕಿಕೊಳ್ಳಿ. ಒಬ್ಬರೇ ಹೋಗಬೇಡಿ. ಮೀನು ಎತ್ತಲು ನೀರಿನ ಹತ್ತಿರ ಇಳಿಯಬೇಡಿ, ಉದ್ದ ಹಿಡಿಯ ಬಲೆ ಇಟ್ಟುಕೊಳ್ಳಿ, ಅಲೆ ಮೀನನ್ನು ಮೇಲೆ ತಂದಾಗ ಬಲೆಗೆ ತೆಗೆದುಕೊಳ್ಳಿ.

ಗಾಳಿ ಇಲ್ಲದ ಶಾಂತ ದಿನವೂ ಏಕಾಏಕಿ ನೀರು ಉಕ್ಕಿ ಬರುವುದಿದೆ. ದೂರದ ದಕ್ಷಿಣ ಸಾಗರದಲ್ಲಿ ಎದ್ದ ಅಲೆ ದಿನಗಟ್ಟಲೆ ಸಾಗಿ ಬಂದು ಇಲ್ಲಿ ಬಡಿಯುತ್ತದೆ. ಕೇರಳದವರು ಇದನ್ನು ಕಳ್ಳಕಡಲ್ ಅನ್ನುತ್ತಾರೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಇದರ ಮುನ್ನೆಚ್ಚರಿಕೆ ಕೊಡುತ್ತದೆ. ಹೊರಡುವ ಮೊದಲು ನೋಡಿ. ಅಪಾಯ ಆದರೆ ಕೋಸ್ಟ್ ಗಾರ್ಡ್‌ಗೆ 1554, ಕರಾವಳಿ ಕಾವಲು ಪೊಲೀಸರಿಗೆ 1093.

ತೇಡೆಯ ಬೆನ್ನಿನಲ್ಲಿ ಒಂದು, ಎರಡು ಪಕ್ಕದಲ್ಲಿ ಎರಡು ಮುಳ್ಳು, ತೊರಕೆಯ ಬಾಲದಲ್ಲಿ ಗರಗಸದಂಥ ಮುಳ್ಳು. ಬರಿಗೈಯಲ್ಲಿ ಬಿಡಿಸಬೇಡಿ, ಇಕ್ಕಳ ಬಳಸಿ. ಚುಚ್ಚಿದರೆ ತಡೆಯಬಲ್ಲಷ್ಟು ಬಿಸಿ ನೀರಿನಲ್ಲಿ, ಸುಮಾರು 45 ಡಿಗ್ರಿ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮುಳುಗಿಸಿಡಿ. ಬಿಸಿಗೆ ನೋವು ತಗ್ಗುತ್ತದೆ. ಆಮೇಲೆ ಆಸ್ಪತ್ರೆಗೆ ಹೋಗಲೇಬೇಕು, ಮುಳ್ಳಿನ ತುಂಡು ಒಳಗೆ ಉಳಿದಿರಬಹುದು. ಗಾಳಕ್ಕೆ ಬಂದು ಚೆಂಡಿನ ಹಾಗೆ ಹೊಟ್ಟೆ ಊದಿಸಿಕೊಳ್ಳುವ ಮೀನನ್ನು ಬಿಟ್ಟುಬಿಡಿ. ಅದರ ವಿಷ ಬೇಯಿಸಿದರೂ ಹೋಗುವುದಿಲ್ಲ.

ಹಿಡಿದ ಮೇಲೆ

ಮುಂಗೈಗಿಂತ ಚಿಕ್ಕ ಮುರು, ಕೆಂಬೇರಿ ನನ್ನ ಮನೆಗೆ ಬರುವುದಿಲ್ಲ. ಬಿಡುವಾಗ ಕೈ ಒದ್ದೆ ಮಾಡಿಕೊಳ್ಳಿ, ಒಣಕೈ ಅದರ ಮೈಯ ಲೋಳೆ ಕೀಳುತ್ತದೆ. ಎಸೆಯಬೇಡಿ, ಬಲೆಯಲ್ಲೇ ಇಳಿಸಿ. ಆಳೆತ್ತರ ಬೆಳೆಯುವ ದೈತ್ಯ ಮುರು ಜಾತಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅದರ ಮರಿ ಸಿಕ್ಕಿದರೂ ಬಿಡಲೇಬೇಕು. ಮರಿಯ ಮೈಯಲ್ಲಿ ಹಳದಿ-ಕಪ್ಪು ದೊಡ್ಡ ಮಚ್ಚೆ ಇರುತ್ತದೆ, ಗುರುತು ಹಿಡಿಯುವುದು ಸುಲಭ.

ತಿನ್ನಲು ಇಟ್ಟುಕೊಂಡಿದ್ದನ್ನು ಬಕೆಟ್ಟಿನಲ್ಲಿ ಒದ್ದಾಡಿಸಬೇಡಿ. ಕಣ್ಣಿನ ಮೇಲೆ, ಸ್ವಲ್ಪ ಹಿಂದೆ, ಚೂಪು ಚಾಕುವಿನಿಂದ ಒಂದೇ ಚುಚ್ಚು. ಆಮೇಲೆ ಕಿವಿರಿನ ಹತ್ತಿರ ಕೊಯ್ದು ಸಮುದ್ರದ ನೀರಿನಲ್ಲಿ ರಕ್ತ ಬಿಡಿಸಿ, ಐಸಿಗೆ ಸ್ವಲ್ಪ ಉಪ್ಪುನೀರು ಬೆರೆಸಿದ ಡಬ್ಬಿಯಲ್ಲಿ ಇಡಿ. ಬರೀ ಐಸಿಗಿಂತ ಇದರಲ್ಲಿ ಬೇಗ ತಣ್ಣಗಾಗುತ್ತದೆ. ಮುರುವಿನ ತಲೆ ಸಾರು ನಮ್ಮ ಕಡೆ ಎಲ್ಲರಿಗೂ ಇಷ್ಟ. ಆದರೆ ತುಂಬಾ ದೊಡ್ಡ ಕಲ್ಲುಮೀನಿನ ತಲೆ, ಪಿತ್ತಜನಕಾಂಗ (ಲಿವರ್), ಕರುಳು ಬೇಡ. 2016ರಲ್ಲಿ ಮಂಗಳೂರಿನಲ್ಲಿ ಕೆಂಬೇರಿಯ ಬಳಗದ ಕೆಂಪು ಸ್ನ್ಯಾಪರ್ ಮೀನಿನ ತಲೆ ತಿಂದ ತುಂಬಾ ಜನ ವಾಂತಿ, ಭೇದಿಯಿಂದ ಆಸ್ಪತ್ರೆ ಸೇರಿದ್ದರು. ಸಿಗ್ವಟೆರಾ ಅನ್ನುವ ವಿಷ ಅದು. ಕಲ್ಲಿನ ಪಾಚಿಯಲ್ಲಿ ಹುಟ್ಟಿ, ಸಣ್ಣ ಮೀನಿಂದ ದೊಡ್ಡ ಮೀನಿಗೆ ಸೇರುತ್ತಾ ಹೋಗುತ್ತದೆ. ರುಚಿಯಲ್ಲಿ ಗೊತ್ತಾಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಒಂದೆರಡು ಕಿಲೋದ ಮೀನಿನಲ್ಲಿ ಈ ಭಯ ಬಹಳ ಕಡಿಮೆ, ರುಚಿಯೂ ಅದರಲ್ಲೇ ಜಾಸ್ತಿ.

ಕಾಣೆಯನ್ನು ನಾಳೆಗೆ ಇಡಬೇಡಿ. ಆ ಸಂಜೆಯೇ ಮಸಾಲೆ ಹಚ್ಚಿ, ರವೆಯಲ್ಲಿ ಹೊರಳಿಸಿ, ತೆಂಗಿನೆಣ್ಣೆಯಲ್ಲಿ ಕಾವಲಿಗೆ ಹಾಕಿ. ಅದು ಹುರಿಯುವಷ್ಟರಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಅವತ್ತಿನ ತಿಥಿ, ನೀರಿನ ಹೊತ್ತು, ಯಾವ ಕಲ್ಲು, ಯಾವ ಎರೆ, ಏನು ಸಿಕ್ಕಿತು ಅಂತ ಬರೆದಿಡಿ. ನನ್ನ ಹತ್ತಿರ ಅಂಥ ನಾಲ್ಕು ಪುಸ್ತಕ ಇವೆ. ಹೊರಡುವ ಮೊದಲು ಈಗಲೂ ಅವನ್ನೇ ತಿರುವಿ ನೋಡುತ್ತೇನೆ.